ಅಪ್ಪ ಅಮ್ಮ ಕಟ್ಟುವ ಬಿಲ್ಲುಗಳನ್ನು ಒಮ್ಮೆ ತೆಗೆದು ನೋಡಿ

ಬೆಂಗಳೂರು, ಪುಣೆ, ಹೈದರಾಬಾದ್, ದುಬೈ, ನ್ಯೂಜೆರ್ಸಿ, ಇನ್ನೂ ಎಲ್ಲೆಲ್ಲೋ ದುಡಿಯುತ್ತಾ, ಅಪ್ಪ ಅಮ್ಮನನ್ನು ಊರಿನ ಮನೆಯಲ್ಲಿ ಬಿಟ್ಟಿರುವ ಮಕ್ಕಳಿಗೆ,



ನಾನು ಮೈಸೂರಿನವನು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಬಡಾವಣೆಯ ಬಹಳಷ್ಟು ಮನೆಗಳಲ್ಲಿ ಈಗ ಇಬ್ಬರೇ ಇದ್ದಾರೆ, ಕೆಲವು ಮನೆಗಳಲ್ಲಿ ಒಬ್ಬರೇ. ಪಾಸ್‌ಬುಕ್ಕಿನ ಎಂಟ್ರಿ ಅರ್ಥವಾಗದಿದ್ದರೆ, ಮೊಬೈಲಿಗೆ ಬಂದ ಮೆಸೇಜು ಏನು ಹೇಳುತ್ತಿದೆ ಎಂದು ತಿಳಿಯದಿದ್ದರೆ ಅವರು ನನ್ನ ಹತ್ತಿರ ಬರುತ್ತಾರೆ. ಹಾಗೆ ಬಂದವರ ಕಾಗದಪತ್ರ ನೋಡುತ್ತಾ ನೋಡುತ್ತಾ ಒಂದು ವಿಷಯ ನನಗೆ ಸ್ಪಷ್ಟವಾಗಿದೆ. ನಿಮ್ಮ ತಂದೆತಾಯಿ ಕಟ್ಟಲೇಬೇಕಾದ್ದಕ್ಕಿಂತ ಹೆಚ್ಚು ಹಣವನ್ನು ಪ್ರತಿ ತಿಂಗಳೂ ಕಟ್ಟುತ್ತಿದ್ದಾರೆ. ಅವರಿಗೆ ಯಾರೂ ಸುಳ್ಳು ಬಿಲ್ಲು ಕೊಟ್ಟಿಲ್ಲ. ಕಡಿಮೆ ಮಾಡಿಕೊಡಿ ಎಂದು ಅವರು ಕೇಳಿಲ್ಲ, ಅಷ್ಟೇ.

ನೂರಿನ್ನೂರು ರೂಪಾಯಿಗೆ ಇಷ್ಟು ಮಾತು ಬೇಕೇ, ನಾವೇ ಆನ್‌ಲೈನಿನಲ್ಲಿ ಕಟ್ಟುತ್ತೇವಲ್ಲ ಎಂದು ನೀವು ಕೇಳಬಹುದು. ನಿಮ್ಮ ಸಂಬಳದ ಲೆಕ್ಕದಲ್ಲಿ ಅದು ಸಣ್ಣದೇ. ಆದರೆ ಇಂಟರ್ನೆಟ್ಟು, ಟಿವಿ, ಎರಡು ಮೊಬೈಲು ಸೇರಿ ತಿಂಗಳಿಗೆ ಆರು ನೂರು ರೂಪಾಯಿ ಉಳಿದರೆ ವರ್ಷಕ್ಕೆ 7,200 ಆಯಿತು. ಕುಟುಂಬ ಪಿಂಚಣಿಯಲ್ಲಿ ಬದುಕುವ ತಾಯಿಗೆ ಅದು ತಿಂಗಳುಗಟ್ಟಲೆಯ ಬಿಪಿ, ಶುಗರ್ ಮಾತ್ರೆಯ ಹಣ. ಕೈ ಬಿಗಿಯಾದಾಗ ಅವರು ಏನು ಮಾಡುತ್ತಾರೆಂದು ನಿಮಗೆ ಫೋನಿನಲ್ಲಿ ಹೇಳುವುದಿಲ್ಲ. ಒಂದು ಲೀಟರ್ ಹಾಲನ್ನು ಅರ್ಧಕ್ಕೆ ಇಳಿಸುತ್ತಾರೆ. ಮಧ್ಯಾಹ್ನದ ಸೆಕೆಯಲ್ಲಿ ಫ್ಯಾನು ಆರಿಸಿ ಕೂರುತ್ತಾರೆ. ಕಣ್ಣಿನ ಡಾಕ್ಟರರ ಬಳಿ ಹೋಗುವುದನ್ನು ಮುಂದಿನ ತಿಂಗಳಿಗೆ ಹಾಕುತ್ತಾರೆ. ತಮ್ಮ ಸುಖವನ್ನು ಕಡಿತ ಮಾಡಿಕೊಳ್ಳಲು ಹಿಂಜರಿಯದ ಇವರು ಕಂಪನಿಯ ಬಿಲ್ಲು ಕಡಿತ ಮಾಡಿ ಎಂದು ಕೇಳಲು ಮಾತ್ರ ಹಿಂಜರಿಯುತ್ತಾರೆ. ಇದನ್ನು ಕಣ್ಣಾರೆ ಕಂಡು ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ಅವರ ಹಿಂಜರಿಕೆಗೆ ಕಾರಣವಿದೆ. ಅವರು ಸಂಸಾರ ಕಟ್ಟಿದ ಕಾಲದಲ್ಲಿ ಫೋನು ಎಂದರೆ ದೂರಸಂಪರ್ಕ ಇಲಾಖೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬಿಎಸ್‌ಎನ್‌ಎಲ್ ಎಂಬ ಕಂಪನಿ ಕೆಲಸ ಶುರು ಮಾಡಿದ್ದೇ 2000ದ ಅಕ್ಟೋಬರಿನಲ್ಲಿ. ಕರೆಂಟು, ನೀರು, ಫೋನು ಎಲ್ಲವೂ ಸರ್ಕಾರದ್ದು, ಬಿಲ್ಲಿನಲ್ಲಿ ಬರೆದದ್ದೇ ಕೊನೆ. ಕ್ಯೂ ನಿಂತು ಕಟ್ಟಿ, ರಸೀದಿಯನ್ನು ಚುಚ್ಚುಗಂಬಿಗೆ ಸಿಕ್ಕಿಸಿ ಬರುತ್ತಿದ್ದರು. ಬಿಲ್ಲು ಅವರ ಮನಸ್ಸಿನಲ್ಲಿ ಕಂದಾಯದ ಸಾಲಿಗೆ ಸೇರಿದೆ. ದೇವರಾಜ ಮಾರುಕಟ್ಟೆಯಲ್ಲಿ ಮೂರು ಅಂಗಡಿ ಸುತ್ತಿ ದರ ಕೇಳಿ ವೀಳ್ಯದೆಲೆ ತರುವ ನಿಮ್ಮ ಅಮ್ಮ, ಇಂಟರ್ನೆಟ್ ಕಂಪನಿಯ ದರವನ್ನು ಒಮ್ಮೆಯೂ ಪ್ರಶ್ನಿಸದೆ ಇರುವುದು ಇದಕ್ಕಾಗಿ. ಅದೂ ಈಗ ಅಂಗಡಿಯ ದರವೇ ಎಂದು ಅವರಿಗೆ ಯಾರೂ ಹೇಳಿಲ್ಲ.

ಆ ದರ ಹೇಗೆ ನಡೆಯುತ್ತದೆ ಎಂಬುದನ್ನು ಗಮನಿಸಿ. ಇಂಟರ್ನೆಟ್ ಕಂಪನಿಗಳ ನಡುವೆ ಪೈಪೋಟಿಯಿರುವುದು ಹೊಸ ಗಿರಾಕಿಗಾಗಿ. ಹೊಸಬರಿಗೆ ಅಳವಡಿಕೆ ಉಚಿತ, ರೂಟರ್ ಉಚಿತ, ಆರು ತಿಂಗಳ ಹಣ ಒಟ್ಟಿಗೆ ಕಟ್ಟಿದರೆ ಒಂದು ತಿಂಗಳು ಉಚಿತ ಎಂಬಂಥ ಕೊಡುಗೆಗಳು ಬರುತ್ತಿರುತ್ತವೆ. ಐದಾರು ವರ್ಷದಿಂದ ತಪ್ಪದೆ ಕಟ್ಟುತ್ತಿರುವವರು ಹಳೆಯ ಪ್ಲಾನಿನಲ್ಲೇ ಉಳಿಯುತ್ತಾರೆ. ಅದಕ್ಕಿಂತ ಕಡಿಮೆ ದರದ, ಹೆಚ್ಚು ವೇಗದ ಪ್ಲಾನು ಬಂದಿದೆ ಎಂದು ಅವರಿಗೆ ತಾನಾಗಿ ಯಾರೂ ಫೋನು ಮಾಡುವುದಿಲ್ಲ. ನಂಬಿಕೆಯಿಂದ ಉಳಿದವರೇ ಹೆಚ್ಚು ತೆರುವ ಈ ಪದ್ಧತಿ ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಬದಲಾಗುವ ತನಕ ನಾವು ಬಾಯಿ ಬಿಟ್ಟು ಕೇಳಬೇಕು.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಡಂ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಮಗ ಅಮೆರಿಕದಲ್ಲಿದ್ದಾನೆ, ಭಾನುವಾರ ವಿಡಿಯೊ ಕಾಲ್ ಮಾಡುತ್ತಾನೆ. ಅದಕ್ಕಾಗಿಯೇ ಅವರು ಮನೆಗೆ ವೈಫೈ ಹಾಕಿಸಿಕೊಂಡದ್ದು. ಮಹಡಿ ಮೇಲೆ ಬಾಡಿಗೆಗೆ ಬಂದ ಹುಡುಗ ಅದೇ ಕಂಪನಿಯಿಂದ, ಅದೇ ಕಂಬದಿಂದ ಇಳಿದ ತಂತಿಯಲ್ಲಿ, ಎರಡರಷ್ಟು ವೇಗವನ್ನು ಇವರಿಗಿಂತ ಕಡಿಮೆ ಹಣಕ್ಕೆ ಪಡೆದಿದ್ದ. ಬಾಡಿಗೆ ಕೊಡಲು ಬಂದಾಗ ಮಾತಿಗೆ ಮಾತು ಬಂದು ವಿಷಯ ತಿಳಿಯಿತು. ಮೇಡಂ ಬಿಲ್ಲು ಹಿಡಿದು ನನ್ನಲ್ಲಿಗೆ ಬಂದರು. ನಾನು ಫೋನು ಮಾಡಲಿಲ್ಲ, ಪಕ್ಕದಲ್ಲಿ ಕೂತೆ. ಅವರೇ ಮಾಡಿದರು. ‘ನಾನು ನಿಮ್ಮ ಹಳೆಯ ಗಿರಾಕಿ. ಇದೇ ವಿಳಾಸದ ಮೇಲಿನ ಮನೆಗೆ ಕೊಟ್ಟಿರುವ ಪ್ಲಾನ್ ನನಗೆ ಯಾಕಿಲ್ಲ?’ ಎಂದು ಕೇಳಿದರು. ಆ ಕಡೆಯ ಹುಡುಗಿ ಅದು ಹೊಸಬರಿಗೆ ಮಾತ್ರ ಎಂದಳು. ‘ಹಾಗಾದರೆ ಈ ತಿಂಗಳ ಕೊನೆಗೆ ನನ್ನದನ್ನು ನಿಲ್ಲಿಸಿಬಿಡಿ, ಬೇರೆಯವರ ಹತ್ತಿರ ಹಾಕಿಸಿಕೊಳ್ಳುತ್ತೇನೆ’ ಎಂದರು ಮೇಡಂ, ದನಿ ಏರಿಸದೆ. ಸ್ವಲ್ಪ ಹೊತ್ತು ಲೈನಿನಲ್ಲಿ ಇರಿ ಎಂದಳು ಆ ಹುಡುಗಿ. ಬೇರೊಬ್ಬರು ಮಾತಿಗೆ ಬಂದರು. ಮುಂದಿನ ಬಿಲ್ಲಿನಿಂದ ಹೊಸ ದರ ಬಂತು.

ಆ ‘ಬೇರೊಬ್ಬರು’ ಯಾರೆಂದು ನಿಮಗೆ ಗೊತ್ತಿರಬೇಕು. ಬಿಟ್ಟುಹೋಗುವ ಗಿರಾಕಿಯನ್ನು ಉಳಿಸಿಕೊಳ್ಳಲೆಂದೇ ದೊಡ್ಡ ಕಂಪನಿಗಳಲ್ಲಿ ಪ್ರತ್ಯೇಕ ವಿಭಾಗವಿರುತ್ತದೆ. ಮೊದಲು ಫೋನ್ ಎತ್ತುವವರಿಗೆ ದರ ಇಳಿಸುವ ಅಧಿಕಾರ ಇರುವುದು ಅಪರೂಪ, ಈ ವಿಭಾಗದವರಿಗೆ ಇರುತ್ತದೆ. ಆದ್ದರಿಂದ ಮೊದಲನೆಯವರು ಆಗುವುದಿಲ್ಲ ಎಂದರೆ ಬೇಸರ ಬೇಡ, ಅವರ ಮೇಲೆ ರೇಗುವುದಂತೂ ಬೇಡವೇ ಬೇಡ. ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಬೈಗುಳ ಕೇಳುವ ಆ ಹುಡುಗ ಹುಡುಗಿಯರೂ ಯಾರದೋ ಮನೆಯ ಮಕ್ಕಳು. ಹಾಗೆಯೇ, ಬಿಡುತ್ತೇನೆ ಎಂದು ಬರೀ ಹೆದರಿಸಲು ಹೇಳಬಾರದು. ನಿಮ್ಮ ಬೀದಿಗೆ ಬೇರೆ ಯಾವ ಕಂಪನಿಯ ಲೈನ್ ಇದೆ, ಅವರ ದರವೆಷ್ಟು, ಅಕ್ಕಪಕ್ಕದವರಿಗೆ ಅದು ಸರಿಯಾಗಿ ಬರುತ್ತಿದೆಯೇ ಎಂದು ಮೊದಲೇ ವಿಚಾರಿಸಿ, ನಿಜವಾಗಿಯೂ ಬಿಡಲು ಸಿದ್ಧರಾಗಿ ಮಾತಾಡಿ. ಆಗ ದನಿಯಲ್ಲಿ ತಾನಾಗಿ ಗಟ್ಟಿತನ ಬರುತ್ತದೆ. ಒಪ್ಪಿದ ದರ ಎಷ್ಟು ತಿಂಗಳಿಗೆ, ತೆರಿಗೆ ಸೇರಿ ಎಷ್ಟು ಎಂದು ಕೇಳಿ, ಮೆಸೇಜು ಇಲ್ಲವೇ ಇ-ಮೇಲ್ ಕಳಿಸಲು ಹೇಳಿ. ದೂರು ಕೊಟ್ಟಿದ್ದರೆ ಡಾಕೆಟ್ ನಂಬರನ್ನು ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಬಾಯಿಮಾತಿನ ರಿಯಾಯಿತಿ ಮುಂದಿನ ಬಿಲ್ಲಿನಲ್ಲಿ ಕಾಣದಿದ್ದಾಗ ಆ ನಂಬರೇ ನಿಮ್ಮ ಸಾಕ್ಷಿ.

ಟಿವಿಯ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ನಿಯಮ ಜಾರಿಗೆ ಬಂದಾಗಿನಿಂದ ಬೇಕಾದ ಚಾನೆಲ್ಲುಗಳನ್ನು ಮಾತ್ರ ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ಪ್ರತಿ ಚಾನೆಲ್ಲಿಗೂ ದರ ಪ್ರಕಟಿಸಬೇಕು. ಆದರೂ ನಮ್ಮ ಹಿರಿಯರು ಯಾರೋ ಆರಿಸಿ ಕೊಟ್ಟ ಪ್ಯಾಕಿನಲ್ಲೇ ಇದ್ದಾರೆ. ನಾನು ನೋಡಿದ ಒಂದು ಮನೆಯಲ್ಲಿ ಅಜ್ಜ ಅಜ್ಜಿ ನೋಡುವುದು ಎರಡು ಧಾರಾವಾಹಿ ಚಾನೆಲ್ಲು, ವಾರ್ತೆ, ಚಂದನ, ಬೆಳಿಗ್ಗೆ ಸುಪ್ರಭಾತದ ಒಂದು ಚಾನೆಲ್ಲು. ಬಿಲ್ಲಿನಲ್ಲಿ ಇಂಗ್ಲಿಷ್ ಸಿನಿಮಾ, ಕ್ರೀಡೆ, ಒಂದೇ ಚಾನೆಲ್ಲಿನ ಎಚ್‌ಡಿ ಮತ್ತು ಸಾದಾ ಎರಡೂ ಆವೃತ್ತಿ, ಜೊತೆಗೆ ಕಾರ್ಟೂನು. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಕ್ಕಳಿಗಾಗಿ ಹಾಕಿಸಿದ ಕಾರ್ಟೂನು ಚಾನೆಲ್ಲು, ಮೊಮ್ಮಕ್ಕಳು ಹೋದಮೇಲೂ ಬಿಲ್ಲಿನಲ್ಲಿ ಉಳಿದಿತ್ತು. ಕೇಬಲ್ಲಿನವರಿಗೆ ಪಟ್ಟಿ ಬರೆದುಕೊಟ್ಟರೆ ತೆಗೆದುಹಾಕುತ್ತಾರೆ. ಬರೀ ಉಚಿತ ಚಾನೆಲ್ಲು ಸಾಕೆನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ, ಅದಕ್ಕೆ ತಿಂಗಳ ಬಾಡಿಗೆಯೇ ಇಲ್ಲ. ಧಾರಾವಾಹಿ ಬಿಡಲು ಅಮ್ಮ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ಒಂಟಿ ಮನೆಯಲ್ಲಿ ಸಂಜೆಯ ಆ ದನಿಗಳ ಬೆಲೆ ನಮಗೆ ತಿಳಿಯದು.

ಮೊಬೈಲಿನಲ್ಲಿ ನೋಡಬೇಕಾದ್ದು ದಿನಗಳ ಲೆಕ್ಕ. ಇಪ್ಪತ್ತೆಂಟು ದಿನದ ಪ್ಯಾಕಾದರೆ ವರ್ಷಕ್ಕೆ 12 ಅಲ್ಲ, 13 ಬಾರಿ ರೀಚಾರ್ಜ್ ಮಾಡಬೇಕಾಗುತ್ತದೆ. ಮೂವತ್ತು ದಿನದ ಪ್ಯಾಕನ್ನೂ ಪ್ರತಿ ಕಂಪನಿ ಇಡಬೇಕೆಂದು ಟ್ರಾಯ್ 2022ರಲ್ಲೇ ಹೇಳಿದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ನಿಮ್ಮ ಅಪ್ಪನಿಗೆ ಏಕೆ ಬೇಕು? ಮನೆಯಲ್ಲಿ ವೈಫೈ ಇದೆ, ಹೊರಗೆ ಹೋದಾಗ ಅವರು ಫೋನು ಜೇಬಿನಿಂದ ತೆಗೆಯುವುದೇ ಇಲ್ಲ. ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ, ಡೇಟಾ ಇಲ್ಲದ ಪ್ಯಾಕುಗಳನ್ನು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿತು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಈ ಪ್ಯಾಕುಗಳು ಕಂಪನಿಯ ಆ್ಯಪಿನಲ್ಲಿ ಮೊದಲ ಪುಟದಲ್ಲಿ ಕಾಣಿಸಲಿಕ್ಕಿಲ್ಲ, ಹುಡುಕಬೇಕು ಅಥವಾ ಕೇಳಬೇಕು. ಆದರೆ ಅಪ್ಪ ಅಮ್ಮನನ್ನು ಕೇಳದೆ ನೀವೇ ಬದಲಿಸಬೇಡಿ. ತರಕಾರಿಯವನಿಗೆ ಫೋನಿನಲ್ಲೇ ದುಡ್ಡು ಕಳಿಸುವ ಅಭ್ಯಾಸ ಅವರಿಗಿದ್ದರೆ ಸ್ವಲ್ಪ ಡೇಟಾ ಬೇಕೇ ಬೇಕು.

ಕಂಪನಿ ಬದಲಿಸುವ ಸೌಲಭ್ಯ ದೇಶದಾದ್ಯಂತ ಜಾರಿಯಾದದ್ದು 2011ರ ಜನವರಿಯಲ್ಲಿ. ನಂಬರ್ ಅದೇ ಇರುತ್ತದೆ, ಬ್ಯಾಂಕು, ಆಧಾರ್ ಯಾವುದನ್ನೂ ತಿದ್ದಿಸಬೇಕಿಲ್ಲ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ‘ಪೋರ್ಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು ಹತ್ತು ಅಂಕಿಯ ನಂಬರ್ ಸೇರಿಸಿ 1900ಕ್ಕೆ ಕಳಿಸಿದರೆ, ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ. ಆ ಮೆಸೇಜು ಹೋದ ಮೇಲೆ ಹಳೆಯ ಕಂಪನಿಯಿಂದಲೇ ಕರೆ ಬಂದು ಒಳ್ಳೆಯ ದರ ಹೇಳಿದ ಉದಾಹರಣೆಗಳು ನಮ್ಮ ಬಡಾವಣೆಯಲ್ಲೇ ಇವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಚೌಕಾಸಿ ಮಾಡಿ ಎಂದು ಹೇಳುತ್ತಿರುವುದು ಲಕ್ಷಾಂತರ ಗಿರಾಕಿಗಳಿರುವ ಕಂಪನಿಗಳ ಜೊತೆ. ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಎರಡನೇ ಮಹಡಿಗೆ ತರುವವರು, ಬೆಳಗಿನ ಚಳಿಯಲ್ಲಿ ಪೇಪರ್ ಹಾಕುವ ಹುಡುಗ, ಮನೆ ಕೆಲಸಕ್ಕೆ ಬರುವ ಹೆಂಗಸು, ಸೊಪ್ಪು ಮಾರುವವರು, ಇವರ ಐದು ಹತ್ತು ರೂಪಾಯಿಯಲ್ಲಿ ಉಳಿತಾಯ ಹುಡುಕುವುದು ನನಗೆ ಒಪ್ಪಿತವಲ್ಲ. ಕಂಪನಿಯ ಬಿಲ್ಲಿನಲ್ಲಿ ಉಳಿದದ್ದರಲ್ಲಿ ಇವರಿಗೆ ಹಬ್ಬಕ್ಕೆ ಸ್ವಲ್ಪ ಹೆಚ್ಚೇ ಕೊಡುವಂತೆ ಅಮ್ಮನಿಗೆ ಹೇಳಿ.

ಕರೆಂಟಿನ ದರದಲ್ಲಿ ಚೌಕಾಸಿಗೆ ಜಾಗವಿಲ್ಲ. ಅದನ್ನು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಮೀಟರ್ ಓದಲು ಬರುವವರನ್ನು ಕೇಳಿ ಪ್ರಯೋಜನವಿಲ್ಲ. ಆದರೂ ಕೇಳಿ ಪಡೆಯಬೇಕಾದ್ದು ಅಲ್ಲಿಯೂ ಇದೆ. ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಂಬ ಸಾಲು ನೋಡಿ. ನಿಗದಿತ ಶುಲ್ಕ ಕಿಲೋವ್ಯಾಟಿಗೆ ಇಷ್ಟು ಎಂದು ಬೀಳುತ್ತದೆ, ಈಗ ಅದು ಕಿಲೋವ್ಯಾಟಿಗೆ ನೂರು ರೂಪಾಯಿಗೂ ಮೇಲಿದೆ. ನೀವೆಲ್ಲ ಮನೆಯಲ್ಲಿದ್ದಾಗ ಎರಡು ಗೀಸರು, ಎಸಿ ಎಂದು ಐದು ಕಿಲೋವ್ಯಾಟ್ ಪಡೆದಿದ್ದಿರಬಹುದು. ಈಗ ಇಬ್ಬರೇ ಇರುವ ಮನೆಗೆ ಅಷ್ಟು ಬೇಕಿಲ್ಲದಿದ್ದರೆ ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಲೋಡ್ ಇಳಿಸಲು ಅರ್ಜಿ ಕೊಡಬಹುದು. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಶೂನ್ಯ ಬಿಲ್ಲು ಬರುವ ಮನೆಗೆ ಇದರ ಅವಸರವಿಲ್ಲ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ ಎಂಬುದು ಮಾತ್ರ ನೆನಪಿರಲಿ. ಮನೆ ಬದಲಿಸಿದ್ದರೆ ಹಳೆಯ ಮನೆಯ ಆರ್‌ಆರ್ ನಂಬರಿನಿಂದ ಹೆಸರು ಬಿಡಿಸಿ ಹೊಸದಕ್ಕೆ ಜೋಡಿಸಬೇಕು. ಇಲ್ಲದಿದ್ದರೆ ಸೌಲಭ್ಯವಿದ್ದೂ ಬಿಲ್ಲು ಬರುತ್ತಿರುತ್ತದೆ.

ಆರೋಗ್ಯ ವಿಮೆ ಇವೆಲ್ಲಕ್ಕಿಂತ ದೊಡ್ಡ ಮೊತ್ತ, ಹಾಗಾಗಿ ಇಲ್ಲಿ ಸಾವಧಾನ ಬೇಕು. ಅರವತ್ತು ದಾಟಿದವರ ಪ್ರೀಮಿಯಮ್ಮನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿ ಇಲ್ಲವಾಗಿದೆ. ನವೀಕರಣದ ನೋಟಿಸು ಬಂದಾಗ ಈ ಎರಡನ್ನೂ ಪಕ್ಕದಲ್ಲಿಟ್ಟು ಹಳೆಯ ರಸೀದಿಯ ಜೊತೆ ಹೋಲಿಸಿ, ಏರಿಕೆಯ ಕಾರಣವನ್ನು ಲಿಖಿತವಾಗಿ ಕೇಳಿ. ಕಂಪನಿ ಬದಲಿಸುವುದಾದರೆ ನವೀಕರಣಕ್ಕೆ 45 ದಿನ ಮುಂಚೆಯೇ ಅರ್ಜಿ ಕೊಡಿ. ಹಳೆಯ ಪಾಲಿಸಿಯಲ್ಲಿ ಕಾದ ಅವಧಿ ಹೊಸದಕ್ಕೂ ಲೆಕ್ಕಕ್ಕೆ ಬರುತ್ತದೆ. ಆದರೆ ಶುಗರ್, ಹೃದಯದ ತೊಂದರೆ ಇರುವವರನ್ನು ತೆಗೆದುಕೊಳ್ಳದಿರಲು ಹೊಸ ಕಂಪನಿಗೆ ಅವಕಾಶವಿದೆ. ಹೊಸದು ಕೈಗೆ ಬರುವವರೆಗೆ ಹಳೆಯದನ್ನು ಖಂಡಿತ ಬಿಡಬೇಡಿ. ಎರಡು ಸಾವಿರ ಉಳಿಸಲು ಹೋಗಿ ಪಾಲಿಸಿಯೇ ಇಲ್ಲದಂತಾದರೆ ಆ ನಷ್ಟವನ್ನು ತುಂಬಲಾಗದು.

ನಿಮ್ಮ ಸಾಲದ ಬಗ್ಗೆಯೂ ಒಂದು ಮಾತು, ಕೌಂಟರಿನ ಆ ಬದಿಯಲ್ಲಿ ಕೂತಿದ್ದವನಾಗಿ. ಬೆಂಗಳೂರಿನ ಫ್ಲ್ಯಾಟಿಗೆ 2019ರ ಅಕ್ಟೋಬರಿಗೆ ಮೊದಲು ಬ್ಯಾಂಕ್ ಸಾಲ ತೆಗೆದಿದ್ದರೆ ನಿಮ್ಮ ಬಡ್ಡಿ ಇನ್ನೂ ಬ್ಯಾಂಕು ತಾನೇ ನಿಗದಿ ಮಾಡುವ ಹಳೆಯ ಎಂಸಿಎಲ್‌ಆರ್ ಪದ್ಧತಿಯಲ್ಲೇ ಇರಬಹುದು. ಆಮೇಲಿನ ಸಾಲಗಳು ಹೆಚ್ಚಾಗಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ನೇರವಾಗಿ ಜೋಡಣೆಯಾಗಿವೆ. 2025ರ ಫೆಬ್ರುವರಿಯಿಂದ ಜೂನ್ ವರೆಗೆ ರೆಪೊ ದರ ಶೇ 6.50ರಿಂದ 5.50ಕ್ಕೆ ಇಳಿಯಿತು. ಅದು ನಿಮ್ಮ ಕಂತಿಗೆ ಇಳಿದು ಬಂದಿದೆಯೇ? ನಾನು ಕೆಲಸದಲ್ಲಿದ್ದಾಗ ದರ ಬದಲಿಸಿಕೊಡಿ ಎಂದು ಒಂದು ಪುಟದ ಅರ್ಜಿ ಕೊಟ್ಟವರಿಗೆ ಸಣ್ಣ ಶುಲ್ಕಕ್ಕೆ ಬದಲಾಗುತ್ತಿತ್ತು. ಕೊಡದವರಿಗೆ ಹಳೆಯ ದರವೇ ನಡೆಯುತ್ತಿತ್ತು. 40 ಲಕ್ಷ ಬಾಕಿಯ ಮೇಲೆ ಅರ್ಧ ಪರ್ಸೆಂಟ್ ಎಂದರೆ ವರ್ಷಕ್ಕೆ ಸುಮಾರು 20,000 ರೂಪಾಯಿ. ಬ್ಯಾಂಕು ಒಪ್ಪದಿದ್ದರೆ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸುತ್ತೇನೆ ಎಂದು ಹೇಳಲು ಅಂಜಬೇಕಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಮತ್ತು ಕಾಗದಪತ್ರದ ಖರ್ಚನ್ನು ಮಾತ್ರ ಲೆಕ್ಕ ಹಾಕಿಕೊಳ್ಳಿ.

ಇನ್ನು ಎಚ್ಚರಿಕೆ. ದರ ಇಳಿಸುತ್ತೇವೆ ಎಂದು ಯಾರಾದರೂ ತಾವಾಗಿ ಫೋನು ಮಾಡಿದರೆ, ಅದು ಪೋರ್ಟ್ ಮೆಸೇಜು ಕಳಿಸಿದ ಮೇಲೆ ಬಂದ ಕರೆಯಾದರೂ, ಅಪ್ಪ ಅಮ್ಮ ಮಾತು ಮುಂದುವರಿಸಬಾರದು, ತಾವೇ ತಿರುಗಿ ಕರೆ ಮಾಡಬೇಕು. ‘ಬಿಲ್ಲು ಕಟ್ಟಿಲ್ಲ, ಇಂದು ರಾತ್ರಿ ಕರೆಂಟು ಕಡಿತವಾಗುತ್ತದೆ, ಈ ನಂಬರಿಗೆ ಕರೆ ಮಾಡಿ’ ಎಂಬ ಸುಳ್ಳು ಮೆಸೇಜಿನಿಂದ ಹಣ ಕಳೆದುಕೊಂಡ ಹಿರಿಯರು ಎಷ್ಟೋ ಮಂದಿ. ಕರೆ ಯಾವಾಗಲೂ ನಮ್ಮ ಕಡೆಯಿಂದ ಹೋಗಬೇಕು, ಬಿಲ್ಲಿನ ಮೇಲೆ ಅಚ್ಚಾದ ನಂಬರಿಗೇ ಹೋಗಬೇಕು. ಒಟಿಪಿ ಯಾರಿಗೂ ಹೇಳಬಾರದು, ಯಾರೋ ಹೇಳಿದ ಆ್ಯಪನ್ನು ಹಾಕಿಕೊಳ್ಳಬಾರದು. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಕಂಪನಿಗಳ ಸೇವೆಯ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ ಬನ್ನಿ.

ನಾನು ನಿಮ್ಮಿಂದ ಬೇಡುವುದು ಬಹಳ ಇಲ್ಲ. ಮುಂದಿನ ಬಾರಿ, ದಸರೆಗೋ ದೀಪಾವಳಿಗೋ ಊರಿಗೆ ಬಂದಾಗ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಇಡಿ. ಮನೆಯ ಬಿಲ್ಲುಗಳನ್ನೆಲ್ಲ ಊಟದ ಮೇಜಿನ ಮೇಲೆ ಹರವಿ, ಪಾಸ್‌ಬುಕ್ಕನ್ನೂ ತನ್ನಿ. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪ್ರತಿಯೊಂದು ಮೊತ್ತ ಯಾವುದಕ್ಕೆಂದು ಅವರನ್ನು ಕೇಳಿ. ಗೊತ್ತಿಲ್ಲ ಎಂದ ಪ್ರತಿಯೊಂದರ ಬಗ್ಗೆಯೂ ಬ್ಯಾಂಕಿನಲ್ಲಿ ವಿಚಾರಿಸಿ. ನೀವು ಹಾಕಿಕೊಟ್ಟ ಆಟೋ-ಪೇ ಕೂಡ ಇದರಲ್ಲಿ ಸೇರಿದೆ; ಹಣ ತಾನಾಗಿ ಹೋಗುವಾಗ ಬಿಲ್ಲನ್ನು ಯಾರೂ ತೆರೆದು ನೋಡುವುದಿಲ್ಲ. ವರ್ಷಕ್ಕೊಮ್ಮೆ ಈ ಲೆಕ್ಕ ನಡೆಯಲಿ.

ಫೋನನ್ನು ಮಾತ್ರ ಅವರ ಕೈಗೇ ಕೊಡಿ. ಭಾಷೆ ಕೇಳಿದಾಗ ಕನ್ನಡವನ್ನೇ ಒತ್ತಿಸಿ. ಮೊದಲ ಕರೆಗೆ ನೀವು ಪಕ್ಕದಲ್ಲಿರಿ, ಮಾತು ತಡವರಿಸಿದರೆ ನೆನಪಿಸಿ, ಕಸಿದುಕೊಳ್ಳಬೇಡಿ. ‘ನಿನಗೆ ಗೊತ್ತಾಗಲ್ಲ, ಬಿಡಮ್ಮ’ ಎಂಬ ಮಾತು ಬೇಡ. ನಿಮ್ಮ ಸ್ಕೂಲು ಫೀಸನ್ನು ಎರಡು ಕಂತು ಮಾಡಿಕೊಡಿ ಎಂದು ಹೆಡ್‌ಮಾಸ್ಟರ ಮುಂದೆ ನಿಂತು ಕೇಳಿದವರು ಅವರು. ತಮ್ಮ ಬಿಲ್ಲಿನ ಬಗ್ಗೆ ಕೇಳಲು ಅವರಿಗೆ ಬರುತ್ತದೆ. ಕೇಳಬಹುದು ಎಂದು ನೀವು ಹೇಳಬೇಕು.

ನಿಮ್ಮ ಮನೆಯ ಪಕ್ಕದಲ್ಲಿ ಮಕ್ಕಳಿಲ್ಲದ, ಅಥವಾ ಮಕ್ಕಳು ಬಾರದ ಹಿರಿಯರಿದ್ದರೆ ಅವರ ಬಿಲ್ಲುಗಳನ್ನೂ ಅದೇ ಮಧ್ಯಾಹ್ನ ನೋಡಿಕೊಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಮೈಸೂರು